ಗುರುವಾರದ ಚೆಂಡು

ಕೆ.ಆರ್. ಪುರದಾಚೆಯ ಒಂದು ವಿಶ್ವವಿದ್ಯಾಲಯದಲ್ಲಿ ನಾನು ಟೆನಿಸ್ ಕೋಚ್. ಹುಡುಗರ ತಂಡಕ್ಕೂ ನಾನೇ, ಹುಡುಗಿಯರ ತಂಡಕ್ಕೂ ನಾನೇ ಇದ್ದೆ. ಹಲಸೂರಿನಿಂದ ಬಸ್ಸು ಹಿಡಿದು ಟಿನ್ ಫ್ಯಾಕ್ಟರಿಯ ಟ್ರಾಫಿಕ್ ದಾಟುವಷ್ಟರಲ್ಲಿ ಅರ್ಧ ಜೀವ ಹೋಗಿರುತ್ತದೆ. ಉಳಿದ ಅರ್ಧದಲ್ಲಿ ಎರಡು ತಂಡ ತಯಾರಾಗಬೇಕಿತ್ತು. ಐವತ್ತು ದಾಟಿದ ಮೇಲೆ ನನ್ನ ಮಂಡಿಯೇ ನನ್ನ ಮಾತು ಕೇಳುವುದಿಲ್ಲ, ಹುಡುಗರ ವಿಷಯ ಬಿಡಿ.

ಇರುವುದು ಒಂದೇ ಕೋರ್ಟು. ಸೋಮವಾರದಿಂದ ಬುಧವಾರದವರೆಗೆ ಹುಡುಗರು, ಗುರುವಾರದಿಂದ ಶನಿವಾರದವರೆಗೆ ಹುಡುಗಿಯರು. ಹೊಸ ಚೆಂಡಿನ ಡಬ್ಬಿಗಳನ್ನು ಸೋಮವಾರ ತೆರೆಯುತ್ತಿದ್ದೆ. ಮೂರು ದಿನ ಹುಡುಗರು ಬಡಿದು ಬಡಿದು, ರೋಮ ಉದುರಿ, ಪುಟಿತ ಸತ್ತ ಚೆಂಡುಗಳು ಗುರುವಾರ ಹುಡುಗಿಯರ ಬುಟ್ಟಿಗೆ ಬರುತ್ತಿದ್ದವು. ಹೀಗೇ ಮಾಡಬೇಕೆಂದು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ. ನಾನು ಬರುವ ಮೊದಲೂ ಹಾಗೇ ಇತ್ತು, ನಾನೂ ಹಾಗೇ ನಡೆಸಿಕೊಂಡು ಹೋದೆ. ನಮಗ್ಯಾಕೆ ಹಳೇ ಚೆಂಡು ಎಂದು ಒಮ್ಮೆ ಒಬ್ಬಳು ಕೇಳಿಯೇಬಿಟ್ಟಳು. "ಸತ್ತ ಬಾಲಲ್ಲಿ ಆಡಿದ್ರೆ ಕೈಗೆ ಬಲ ಬರುತ್ತಮ್ಮಾ" ಎಂದೆ, ಮಹಾ ತಜ್ಞನ ಹಾಗೆ.

ಕೇಳಿದವಳು ಶಿವಾಜಿನಗರದ ಹುಡುಗಿ. ಅಪ್ಪನಿಗೆ ರಸೆಲ್ ಮಾರುಕಟ್ಟೆಯಲ್ಲಿ ಹಣ್ಣಿನ ಅಂಗಡಿ. ಅವಳು ಮೊದಲ ಸಲ ರ‍್ಯಾಕೆಟ್ ಹಿಡಿದದ್ದೇ ನಮ್ಮ ಕೋರ್ಟಿನಲ್ಲಿ. ನನ್ನ ಮಾತು ನಂಬಿ, ಮೇಲೇಳದ ಚೆಂಡನ್ನು ಆಚೆ ದಾಟಿಸಲು ಮೈಯ ಬಲವೆಲ್ಲ ಹಾಕಿ ಹೊಡೆಯುವುದನ್ನು ಕಲಿತಳು. ಎರಡು ವರ್ಷದಲ್ಲಿ ಅವಳ ಹೊಡೆತ ಗೆರೆಯಿಂದ ಗೇಣು ಒಳಗೆ, ಅಳೆದಿಟ್ಟ ಹಾಗೆ ಬೀಳತೊಡಗಿತು. ನನಗೆ ಹೆಮ್ಮೆಯೋ ಹೆಮ್ಮೆ.

ಕಳೆದ ವರ್ಷ ಕ್ರೀಡಾ ನಿರ್ದೇಶಕರು ಕರೆಸಿ, "ಲೇಡೀಸ್ ಟೀಮ್ ಈ ಸಲಾನೂ ಫಸ್ಟ್ ರೌಂಡಲ್ಲೇ ಸೋತು ಬಂದ್ರೆ ಕ್ಲೋಸ್ ಮಾಡ್ಬಿಡೋಣ ರೀ. ಆ ಮೂರು ದಿನಾನೂ ಹುಡುಗ್ರಿಗೇ ಕೊಡಿ" ಎಂದರು. ನಾನು ಅದನ್ನು ಹುಡುಗಿಯರಿಗೆ ಹಾಗೇ ಹೇಳಿದೆ. ಹೇಳಬಾರದಿತ್ತು.

ವಿಶ್ವವಿದ್ಯಾಲಯಗಳ ನಡುವಿನ ಪಂದ್ಯ. ಮೊದಲ ಸುತ್ತಿನಲ್ಲಿ ಒಂದು ಆಟ ಗೆದ್ದೆವು; ಗೆದ್ದವಳು ಇಂದಿರಾನಗರದವಳು, ಮನೆಯ ಹತ್ತಿರದ ಕ್ಲಬ್ಬಿನಲ್ಲೂ ಆಡುವವಳು. ಇನ್ನೊಂದು ಸೋತೆವು. ಸೋಲು ಗೆಲುವು ನಿರ್ಧರಿಸುವ ಮೂರನೆಯದು ಶಿವಾಜಿನಗರದವಳದು. ಅದರ ಹಿಂದಿನ ವರ್ಷದ ಪಂದ್ಯದಲ್ಲಿ ಅವಳು ಬೆಂಚಿನ ಮೇಲೆ ಕೂತಿದ್ದಳಷ್ಟೇ. ಅಂಪೈರ್ ಹೊಸ ಡಬ್ಬಿ ತೆರೆದರು. ಅಭ್ಯಾಸದ ಐದು ನಿಮಿಷದಲ್ಲೇ ಅವಳ ಚೆಂಡುಗಳು ಬೇಲಿಗೆ ಬಡಿಯತೊಡಗಿದವು. ಗಾಬರಿ, ಸರಿಹೋಗುತ್ತದೆ ಎಂದುಕೊಂಡೆ.

ಸರಿಹೋಗಲಿಲ್ಲ. ಅಂಗಡಿಗೆ ಬೀಗ ಹಾಕಿ ಬಂದಿದ್ದ ಅವಳ ಅಪ್ಪ ನನ್ನ ಪಕ್ಕ ಬಂದು ಕೂತು, "ಸ್ವಲ್ಪ ಮೆಲ್ಲಗೆ ಹೊಡಿ ಅಂತ ಹೇಳಿ ಸಾರ್, ನಿಮ್ ಮಾತು ಕೇಳ್ತಾಳೆ" ಎಂದರು. ವಿರಾಮದಲ್ಲಿ ಹೇಳಿದೆ. ಮೆಲ್ಲಗೆ ಹೊಡೆದರೆ ನೆಟ್ಟಿಗೆ, ಜೋರಾಗಿ ಹೊಡೆದರೆ ಬೇಲಿಗೆ. ಆಗ ನನಗೆ ಹೊಳೆಯಿತು: ಈ ಹುಡುಗಿ ಇವತ್ತಿನವರೆಗೆ ಹೊಸ ಚೆಂಡಿನಲ್ಲಿ ಆಡಿಯೇ ಇಲ್ಲ. ಎರಡು ವರ್ಷ ಕಲಿತದ್ದನ್ನು ಕೈ ಎರಡು ನಿಮಿಷದಲ್ಲಿ ಹೇಗೆ ಮರೆತೀತು? ಒಂದು ಗಂಟೆಯೊಳಗೆ ಎಲ್ಲ ಮುಗಿಯಿತು.

ಸೋಲಿಗೆ ಕಾರಣ ಬರೆದುಕೊಡಿ ಎಂದರು ನಿರ್ದೇಶಕರು. ಚೆಂಡಿನ ವಿಷಯ ಬರೆದಿದ್ದರೆ ತಂಡಕ್ಕೆ ಇನ್ನೊಂದು ವರ್ಷ ಸಿಗುತ್ತಿತ್ತೋ ಏನೋ. ನನ್ನ ಕೆಲಸಕ್ಕೂ ಕುತ್ತು ಬರುತ್ತಿತ್ತೋ ಏನೋ. "ಆಟಗಾರ್ತಿ ಒತ್ತಡ ನಿಭಾಯಿಸಲಿಲ್ಲ" ಎಂದು ಬರೆದು ತಿಪ್ಪೆ ಸಾರಿಸಿದೆ. ಅಷ್ಟೊಂದು ಸುಸ್ತಾಗಿತ್ತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡದ್ದೂ ಉಂಟು, ಅದೂ ಸುಳ್ಳೇ. ಹೆದರಿದ್ದೆ.

ತಂಡ ಮುಚ್ಚಿದ ವಾರ ಅವಳು ಜೆರ್ಸಿ ಒಗೆದು, ಇಸ್ತ್ರಿ ಮಾಡಿಸಿ ವಾಪಸ್ ತಂದಳು. ಮೇಜಿನ ಮೇಲಿಟ್ಟು ಹೋಗದೆ ನಿಂತೇ ಇದ್ದಳು.

"ಸಾರಿ ಸರ್. ನನ್ನಿಂದ ಎಲ್ರಿಗೂ ಟೀಮ್ ಹೋಯ್ತು. ಅವತ್ತು ತುಂಬಾ ಭಯ ಬಿದ್ಬಿಟ್ಟೆ ಅನ್ಸುತ್ತೆ."

ನಿಜ ಹೇಳಲು ಅದೊಂದು ಗಳಿಗೆ ಇತ್ತು. ಕೋಣೆಯಲ್ಲಿ ನಾವಿಬ್ಬರೇ.

"ಇರ್ಲಿ ಬಿಡಮ್ಮಾ, ಎಲ್ರಿಗೂ ಆಗುತ್ತೆ" ಎಂದೆ.

ಅವಳ ಮುಖ ಹಗುರಾಯಿತು. ಥ್ಯಾಂಕ್ಸ್ ಸರ್ ಎಂದು ಹೇಳಿ ಹೋದಳು.