ಒಬ್ಬಳ ಊಟ ಮತ್ತು ಕೇಳದ ಬಜ್ಜಿ

ಜನರ ಕಿವಿ ಪರೀಕ್ಷಿಸುವುದು ನನ್ನ ಕೆಲಸ. ಶಿಬಿರಗಳಿಗಾಗಿ ಊರೂರು ತಿರುಗುತ್ತೇನೆ. ಬಸ್ಸು, ಲಾಡ್ಜು, ಗೊತ್ತಿಲ್ಲದ ಊರು ಯಾವುದಕ್ಕೂ ನಾನು ಅಂಜಿದವಳಲ್ಲ. ಆದರೆ ಹೋಟೆಲಿನಲ್ಲಿ ಒಬ್ಬಳೇ ಊಟಕ್ಕೆ ಕೂರಬೇಕೆಂದರೆ ಮಾತ್ರ ಐವತ್ತು ದಾಟಿದ ಈ ವಯಸ್ಸಿನಲ್ಲೂ ಕೈ ಬೆವರುತ್ತದೆ.

ಹೋದ ವರ್ಷ ಶಿವಮೊಗ್ಗಕ್ಕೆ ಹೋದಾಗ ವಿನೋಬನಗರದಲ್ಲಿ ರೂಮು ಹಿಡಿದಿದ್ದೆ. ಮೊದಲ ದಿನ ಮಧ್ಯಾಹ್ನ ಬಸ್‌ಸ್ಟ್ಯಾಂಡ್ ಹತ್ತಿರದ ಒಂದು ಹೋಟೆಲಿಗೆ ಹೋದೆ. ಒಬ್ಬಳೇ ಹೆಂಗಸು ಎಂದು ಕಂಡ ಕೂಡಲೇ ನನ್ನನ್ನು ಫ್ಯಾಮಿಲಿ ರೂಮಿಗೆ ಕಳಿಸಿದರು. ಅಲ್ಲಿ ಆರು ಜನರ ಮೇಜಿನ ಒಂದು ತುದಿಯಲ್ಲಿ, ಸಭೆ ಕರೆದು ಯಾರೂ ಬಾರದ ಅಧ್ಯಕ್ಷೆಯ ಹಾಗೆ ಕೂತೆ. ಸ್ವಲ್ಪ ಹೊತ್ತಿಗೆ ಮದುವೆ ಸೀರೆ ಕೊಳ್ಳಲು ಬಂದಿದ್ದ ಒಂದು ಸಂಸಾರ ಉಳಿದ ಐದೂ ಕುರ್ಚಿಗಳಲ್ಲಿ ಬಂದು ಕೂತಿತು. ಅವರ ಮಗು ನನ್ನ ತಟ್ಟೆಯ ಹಪ್ಪಳವನ್ನೇ ನೋಡುತ್ತಿತ್ತು. ಕೊಟ್ಟೆ. ಮಗುವಿನ ಅಜ್ಜಿ ನಾನು ಯಾರ ಕಡೆಯವಳು ಎಂದು ವಿಚಾರಿಸಿದರು. ಯಾರ ಕಡೆಯವಳೂ ಅಲ್ಲ ಎಂದು ಹೇಳಲಾಗದೆ, ಮೊಸರನ್ನೂ ಮುಟ್ಟದೆ ಎದ್ದು ಬಂದೆ. ಆಮೇಲೆ ಮತ್ತೆ ಎಂದಿನಂತೆ ದರ್ಶಿನಿಗಳಲ್ಲಿ ಗೋಡೆಗೆ ಮುಖ ಮಾಡಿ ನಿಂತು ತಿನ್ನುವುದು, ರಾತ್ರಿ ರೂಮಿನಲ್ಲಿ ಬಾಳೆಹಣ್ಣು ಬನ್ನು, ಇಷ್ಟೇ ಆಯಿತು.

ಮುಂದಿನ ವಾರ ಶಿಬಿರ ಭದ್ರಾವತಿಗೆ ಬಂತು. ಅಲ್ಲಿ ಪರೀಕ್ಷೆಗೆ ಬಂದವರಲ್ಲಿ ಹೆಚ್ಚಿನವರು ಕೆಲಸದಿಂದ ನಿವೃತ್ತರಾದ ಹಿರಿಯರು. ಅವರಲ್ಲಿ ಒಬ್ಬರು ಕಾಗದನಗರದ ಕ್ವಾರ್ಟರ್ಸ್ ಪಕ್ಕದಲ್ಲಿ ಒಂದು ಮೆಸ್ ಇದೆ, ಗಂಡ ಹೆಂಡತಿ ನಡೆಸುತ್ತಾರೆ, ಕಡಿಮೆ ರೇಟಿನಲ್ಲಿ ಮನೆ ಊಟ ಎಂದು ಹೇಳಿದರು. ಹೋಗಿ ನೋಡಿದರೆ ನನಗೆಂದೇ ಕಟ್ಟಿಸಿದಂತಿತ್ತು. ಉದ್ದನೆಯ ಬೆಂಚುಗಳು, ಎಲ್ಲರೂ ಒಬ್ಬೊಬ್ಬರೇ ಬಂದವರು, ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ಹೆಂಡತಿ ಒಳಗೆ ಅಡುಗೆ ಮಾಡುತ್ತ ತಮಿಳು ಬೆರೆತ ಕನ್ನಡದಲ್ಲಿ ಮಾತಾಡುವರು. ಗಂಡ ಬಡಿಸುವರು. ಅರವತ್ತು ದಾಟಿದ, ತೆಳ್ಳನೆಯ, ಮಾತು ಕಡಿಮೆಯ ಮನುಷ್ಯ.

ಆದರೆ ಅವರಿಗೆ ಕಿವಿ ಮಂದ ಎಂಬುದು ಮೊದಲ ದಿನವೇ ನನಗೆ ಖಚಿತವಾಯಿತು. ನಾನು ಮಜ್ಜಿಗೆ ಕೇಳಿದರೆ ಬಜ್ಜಿ ತಂದರು. ಅನ್ನ ಸಾಕು ಎಂದರೆ ಹಾಕು ಎಂದು ತಿಳಿದು ಇನ್ನೊಂದು ಸೌಟು ಹಾಕಿದರು. ಮತ್ತೆ ಸಾಕು ಎಂದೆ, ಮತ್ತೆ ಹಾಕಿದರು. ಗಟ್ಟಿಯಾಗಿ ಕೂಗಿದರೆ ನಾಲ್ಕು ಜನ ತಿರುಗಿ ನೋಡುತ್ತಾರಲ್ಲ. ಅದಕ್ಕಿಂತ ತಿಂದುಬಿಡುವುದೇ ವಾಸಿ ಎನ್ನಿಸಿತು. ತಿಂದೆ. ಮರುದಿನ ನಾನು ಕೂರುವುದಕ್ಕೂ ಮೊದಲೇ ಬಜ್ಜಿ ಬಂದಿತ್ತು. ಅದನ್ನೂ ತಿಂದೆ. ಮಧ್ಯಾಹ್ನದ ಪರೀಕ್ಷೆಗಳಲ್ಲಿ ರೋಗಿಗಳಿಗಿಂತ ಮೊದಲು ನಾನೇ ತೂಕಡಿಸತೊಡಗಿದೆ.

ಅನ್ನದ ಭಾರದಲ್ಲಿ ಕರುಣೆಯೂ ಹುಟ್ಟಿತು. ಪಾಪ, ಕಿವಿ ಕೇಳದೆ ದಿನವಿಡೀ ಬಡಿಸುವುದೆಂದರೆ ಎಷ್ಟು ಕಷ್ಟವಿರಬೇಕು. ಕೈ ತೊಳೆಯಲು ಹೋದಾಗ ಅಡುಗೆಮನೆಯ ಬಾಗಿಲಲ್ಲಿ ನಿಂತು, ಯಜಮಾನರನ್ನು ಒಮ್ಮೆ ಶಿಬಿರಕ್ಕೆ ಕಳಿಸಿ, ಇದರಲ್ಲಿ ನಾಚಿಕೆ ಪಡುವುದೇನಿಲ್ಲ ಎಂದು ಆಕೆಗೆ ಮೆಲ್ಲಗೆ ತಿಳಿಹೇಳಿದೆ. ಆಕೆ ನನ್ನ ಮುಖವನ್ನು ವಿಚಿತ್ರವಾಗಿ ನೋಡಿದರು. ಆಮೇಲೆ ಆಯಿತು ಎಂದರು. ಆಕೆಗೆ ಸತ್ಯ ಅರಗಿಸಿಕೊಳ್ಳಲು ಕಷ್ಟವಾಗಿದೆ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಶಿಬಿರಕ್ಕೆ ಬಂದು ಕೂತರು. ಹೆಡ್‌ಫೋನ್ ಹಾಕಿ, ಸದ್ದು ಕೇಳಿಸಿದಾಗ ಕೈ ಎತ್ತಬೇಕು ಎಂದು ವಿವರಿಸಿದೆ. ಕೈ ಎತ್ತಿದರು. ಸದ್ದು ತಗ್ಗಿಸಿದೆ, ಎತ್ತಿದರು. ಇನ್ನೂ ತಗ್ಗಿಸಿದೆ, ಆಗಲೂ ಎತ್ತಿದರು. ಮಿಷನ್ನೇ ಕೆಟ್ಟಿರಬೇಕು ಎಂದು ಹೆಡ್‌ಫೋನ್ ಕಿತ್ತು ನನ್ನ ಕಿವಿಗೆ ಹಾಕಿಕೊಂಡೆ. ಅವರು ಕೈ ಎತ್ತಿದ ಸದ್ದುಗಳಲ್ಲಿ ಕಡೆಯವು ನನಗೇ ಕೇಳಿಸಲಿಲ್ಲ.

ಕಿವಿ ಬಹಳ ಚೆನ್ನಾಗಿದೆ ಎಂದು ಒಪ್ಪಿಕೊಂಡೆ.

"ಗೊತ್ತು ಮೇಡಂ," ಎಂದರು. "ಅಷ್ಟು ಕಾಳಜಿಯಿಂದ ಕರೆದಿದ್ದಾರೆ, ಹೋಗದಿದ್ರೆ ಬೇಜಾರು ಮಾಡ್ಕೊತಾರೆ ಅಂತ ಮನೆಯವಳು ಕಳ್ಸಿದ್ಲು."

"ಮತ್ತೆ ಮೆಸ್ಸಲ್ಲಿ ನಾನು ಹೇಳಿದ್ದು ಕೇಳಿಸ್ತಾ ಇರ್ಲಿಲ್ವಲ್ಲ?"

ಅವರು ಸ್ವಲ್ಪ ಸಂಕೋಚಪಟ್ಟರು. "ಇಲ್ಲಿ ನಮಗೆ ಹೇಳ್ತೀರಿ, ಕೇಳಿಸುತ್ತೆ. ಅಲ್ಲಿ ನೀವು ತಟ್ಟೆಗೆ ಹೇಳ್ತೀರಿ ಮೇಡಂ. ಬಾಯಿ ಅಲ್ಲಾಡಿದ್ದು ನೋಡಿ ಏನೋ ಒಂದು ಊಹೆ ಮಾಡಿ ತರ್ತಿದ್ದೆ. ಸುಮ್ನೆ ತಿಂತಿದ್ರಿ, ಸರಿಯಾಗೇ ಇರ್ಬೇಕು ಅಂದ್ಕೊಂಡೆ."

ಅವರು ಹೋದ ಮೇಲೂ ನಾನು ಆ ರಿಪೋರ್ಟನ್ನೇ ನೋಡುತ್ತ ಕೂತಿದ್ದೆ. ಇಷ್ಟು ವರ್ಷ ನೂರಾರು ಮನೆಗಳ ಸೊಸೆಯರಿಗೆ, ಮಕ್ಕಳಿಗೆ ನಾನೇ ಪಾಠ ಮಾಡಿದ್ದೆ: ಮುಖ ನೋಡಿ ಮಾತಾಡಿ, ಬಿಡಿಸಿ ಮಾತಾಡಿ, ಗೊಣಗಬೇಡಿ.

ಮಧ್ಯಾಹ್ನ ಮೆಸ್‌ಗೆ ಹೋಗದೆ ತಪ್ಪಿಸಿಕೊಳ್ಳೋಣ ಎಂದುಕೊಂಡೆ. ಬನ್ನಿನ ನೆನಪಾಗಿ ಹೊರಟೆ. ತಲೆ ಎತ್ತಿ ಕೂತೆ. ಅವರು ಅನ್ನದ ಪಾತ್ರೆ ಹಿಡಿದು ಎದುರಿಗೆ ಬಂದಾಗ ಎದೆ ಗಟ್ಟಿ ಮಾಡಿಕೊಂಡು, ಅವರ ಮುಖ ನೋಡಿ, "ಸಾಕು" ಎಂದೆ.

ಅಳತೆ ತಪ್ಪಿತ್ತು. ಹೊರಗೆ ನಿಂತಿದ್ದ ಆಟೋದವನೂ ಒಳಗೆ ಬಗ್ಗಿ ನೋಡಿದ. ನನ್ನ ಎದುರಿನ ಬೆಂಚಿನಲ್ಲಿದ್ದ ಹಿರಿಯರೊಬ್ಬರು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡರು. ಗುರುತು ಹತ್ತಿತು. ಅಂದು ಬೆಳಿಗ್ಗೆಯಷ್ಟೇ ಅವರ ಕಿವಿಗೆ ನಾನೇ ಶ್ರವಣಯಂತ್ರ ಹಾಕಿ ಕಳಿಸಿದ್ದೆ.

"ಸ್ವಲ್ಪ ನಿಧಾನ ಮೇಡಂ," ಎಂದರು. "ನೀವೇ ಹಾಕಿದ ಮಿಷನ್ನು."

ಬೆಂಚುಗಳಲ್ಲಿದ್ದವರೆಲ್ಲ ನಕ್ಕರು. ಒಳಗಿನಿಂದ ಆಕೆ ನಕ್ಕದ್ದೂ ಕೇಳಿಸಿತು. ಇಷ್ಟು ವರ್ಷ ಯಾವುದಕ್ಕೆ ಹೆದರಿ ಗೋಡೆ ನೋಡುತ್ತ ತಿಂದಿದ್ದೆನೋ ಅದು ಆಗಿಯೇ ಹೋಗಿತ್ತು. ನಾನೂ ನಕ್ಕೆ, ಗಂಟಲಿಗೆ ಅನ್ನ ಸಿಕ್ಕಿ ಕೆಮ್ಮಿದೆ.

ಆ ಹಿರಿಯರು ಯಂತ್ರ ಸರಿಮಾಡಿಸಿಕೊಳ್ಳಲು ತಟ್ಟೆ ಹಿಡಿದು ನನ್ನ ಪಕ್ಕಕ್ಕೆ ಬಂದು ಕೂತರು. ಸದ್ದು ತಗ್ಗಿಸಿಕೊಟ್ಟ ಮೇಲೂ ಎದ್ದು ಹೋಗಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ದಿನವೂ ಇಲ್ಲೇ ಊಟವಂತೆ. ಯಾರು ಏನು ಕೇಳಿದರೂ ತಿಳಿಯದ್ದರಿಂದ ಎಲ್ಲಕ್ಕೂ ತಲೆಯಾಡಿಸುತ್ತಿದ್ದರಂತೆ, ಹಾಗಾಗಿ ಜನ ಮಾತಾಡಿಸುವುದನ್ನೇ ಬಿಟ್ಟಿದ್ದರಂತೆ. ಈಗ ಸೌಟು, ಫ್ಯಾನು, ತಮ್ಮದೇ ಬಾಯಲ್ಲಿ ಹಪ್ಪಳ ಮುರಿಯುವುದು, ಎಲ್ಲದರ ಗಲಾಟೆಯ ಮೇಲೂ ಅವರಿಗೆ ದೂರಿತ್ತು. ಒಂದೊಂದನ್ನೇ ಹೇಳುತ್ತ ಹೋದರು. ಸಾರು ತಣ್ಣಗಾಗುವವರೆಗೆ ಕೇಳುತ್ತ ಕೂತೆ.

ಶಿಬಿರದಿಂದ ಸಹಾಯಕಿ ಫೋನ್ ಮಾಡಿ ಜನ ಕಾಯುತ್ತಿದ್ದಾರೆ ಎಂದಳು. ಅದೂ ಅವರಿಗೆ ಕೇಳಿಸಿತ್ತು.

"ಕಾಯ್ಲಿ ಬಿಡಿ ಮಾರಾಯ್ತಿ," ಎಂದರು. "ಮೊಸರನ್ನ ಮುಗ್ಸಿ."

ಬಡಿಸುವವರು ಮೊಸರಿನ ಪಾತ್ರೆ ಹಿಡಿದು ನನ್ನ ಮುಖವನ್ನೇ ನೋಡುತ್ತ ನಿಂತಿದ್ದರು. ಸ್ವಲ್ಪ ಹಾಕಿ ಎಂದೆ.