ಶಮೀಮಕ್ಕನ ಡಬ್ಬಿಗಳು

ನಕಾಶೆಯ ಕೆಲಸಕ್ಕೆ ಕೂತರೆ ಶಮೀಮಕ್ಕ ಮೊದಲು ಕೀಬೋರ್ಡನ್ನು ಮಾನಿಟರಿನ ಹಿಂದಕ್ಕೆ ತಳ್ಳುತ್ತಿದ್ದರು. ಆಮೇಲೆ ಎಲ್ಲವೂ ಮೌಸಿನಲ್ಲೇ. ಪರದೆಯ ಮೇಲೆ ಮನೆಗಳಿಗೊಂದು ಚೌಕ, ರಸ್ತೆಗಳಿಗೊಂದು, ದೂರ ಅಳೆಯಲು ಇನ್ನೊಂದು. ಒಂದರಿಂದೊಂದಕ್ಕೆ ಬಾಣ ಎಳೆದು ಗುಂಡಿ ಒತ್ತಿದರೆ ಆಕ್ಲೆಂಡಿನ ನಕಾಶೆ ಬಣ್ಣ ತುಂಬಿಕೊಳ್ಳುತ್ತಿತ್ತು. ಆ ಚೌಕಗಳನ್ನು ಅವರು ‘ಡಬ್ಬಿ’ ಎನ್ನುತ್ತಿದ್ದರು.

ಹುಬ್ಬಳ್ಳಿಯಲ್ಲಿ ನರ್ಸಿಂಗ್ ಓದಿ, ಇಲ್ಲಿ ಹತ್ತು ವರ್ಷ ಮನೆಮನೆಗೆ ಹೋಗಿ ಬಾಣಂತಿಯರನ್ನು ನೋಡಿ, ಮಂಡಿ ಸೋತ ಮೇಲೆ ಒನೆಹುಂಗಾ ಬಡಾವಣೆಯಲ್ಲಿದ್ದ ನಮ್ಮ ಆರೋಗ್ಯ ಸೇವೆಯ ಆಫೀಸಿಗೆ ನಕಾಶೆ ಮಾಡಲು ಬಂದವರು. ಮೈಸೂರಿನಿಂದ ಓದಲು ಬಂದು ಉಳಿದ ನಾನು ಕೋಡ್ ಬರೆಯುವವನು. ಅವರದು ಮಕ್ಕಳಾಟವೆಂದು ನಾನೂ ನಕ್ಕಿದ್ದೆ. ಅದು ಅವರಿಗೆ ಗೊತ್ತಿತ್ತು.

ಊರಂಚಿನ ತಕಾನಿನಿ ಬಡಾವಣೆಗೆ ಹೋಗುತ್ತಿದ್ದ ಲಸಿಕೆ ವ್ಯಾನ್ ನಿಲ್ಲಿಸುವ ಮಾತು ಬಂತು. ಅಲ್ಲಿನ ಹೊಸ ಮನೆಗಳೆಲ್ಲ ಕ್ಲಿನಿಕ್ಕಿಗೆ ಹತ್ತಿರವೇ ಇವೆ ಎಂದು ನನ್ನ ಕೋಡ್ ತೋರಿಸಿತ್ತು. ಸಭೆಯಲ್ಲಿ ಶಮೀಮಕ್ಕ ಎದ್ದು ತಮ್ಮ ಡಬ್ಬಿಗಳನ್ನು ಗೋಡೆಯ ಮೇಲೆ ಮೂಡಿಸಿದರು. ನನ್ನ ಕೋಡ್ ನೇರ ಗೆರೆ ಎಳೆದು ದೂರ ಅಳೆದಿತ್ತು. ಅವರು ಅಳೆದದ್ದು ತಾಯಿಯೊಬ್ಬಳು ಮಗುವಿನ ಗಾಡಿ ತಳ್ಳಿಕೊಂಡು ರೈಲುಹಳಿ ದಾಟಿ ಬರುವ ದಾರಿಯನ್ನು. ಕ್ಲಿನಿಕ್ಕಿಗೆ ದೂರವೆಂದು ಅರ್ಧ ತಕಾನಿನಿ ಕೆಂಪಾಗಿತ್ತು.

ಇದನ್ನು ಸರಿಯಾದ ಕೋಡಿನಲ್ಲಿ ಬರೆಸಿ ತನ್ನಿ, ಆಮೇಲೆ ನೋಡೋಣ ಎಂದರು ಮ್ಯಾನೇಜರು. ಬರೆಸುವುದಿಲ್ಲ ಎಂದರು ಶಮೀಮಕ್ಕ, ಕೂರಲೂ ಇಲ್ಲ. ಎಲ್ಲರೆದುರೇ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು: “ತಮ್ಮಾ, ನಿನ್ನ ಕೋಡ್‌ನ್ಯಾಗ ಎಲ್ಲಿ ತಪ್ಪೈತಿ ಅಂತ ಇವರಿಗೆ ಬೆರಳಿಟ್ಟು ತೋರಸು, ನೋಡೂಣು.”

ನನ್ನ ಕೋಡಿನ ಸಾಲುಗಳನ್ನು ಓದಬಲ್ಲವರು ಅಲ್ಲಿ ನನ್ನ ಬಿಟ್ಟು ಯಾರೂ ಇರಲಿಲ್ಲ. ಅಷ್ಟರಲ್ಲಿ ಹಿಂದೆ ಕೂತಿದ್ದ ಸಮೋವದ ಆರೋಗ್ಯ ಕಾರ್ಯಕರ್ತೆಯೊಬ್ಬರು ಗೋಡೆಯ ಹತ್ತಿರ ಬಂದು ರಸ್ತೆಗಳ ಡಬ್ಬಿ ಮುಟ್ಟಿದರು. ಹಳಿಯ ಮೇಲಿನ ಕಾಲುಸೇತುವೆಗೆ ಬರೀ ಮೆಟ್ಟಿಲು, ಮಗುವಿನ ಗಾಡಿ ಹತ್ತುವುದಿಲ್ಲ, ಇದು ತಪ್ಪು ಎಂದರು. ಶಮೀಮಕ್ಕ ಖುಷಿಯಿಂದಲೇ ಆ ಸೇತುವೆ ತೆಗೆದುಹಾಕಿ ಮತ್ತೆ ಗುಂಡಿ ಒತ್ತಿದರು. ಕೆಂಪು ಇನ್ನಷ್ಟು ಹರಡಿತು. ವ್ಯಾನ್ ಉಳಿಯಿತು.

ಶಮೀಮಕ್ಕನ ಕೆಲಸ ಉಳಿಯಲಿಲ್ಲ. ಮುಂದಿನ ವರ್ಷ ಅವರ ಕಾಂಟ್ರಾಕ್ಟ್ ಮುಂದುವರಿಸಲಿಲ್ಲ.

ಕೊನೆಯ ಸಲ ಸಿಕ್ಕಿದ್ದು ಏವನ್‌ಡೇಲ್‌ನ ಭಾನುವಾರದ ಸಂತೆಯಲ್ಲಿ. ಮೆಂತ್ಯದ ಕಟ್ಟು ಆರಿಸುತ್ತಿದ್ದರು. ನಿಮ್ಮ ಡಬ್ಬಿಗಳನ್ನು ಕಿತ್ತುಹಾಕಿ ಕೋಡ್ ಬರೆಯಲು ನನಗೇ ಹೇಳಿದ್ದಾರೆ ಎಂದೆ.

“ನೀ ಏನಂದಿ?”

“ಆಗಲ್ಲ ಅಂದೆ ಅಕ್ಕ.”

“ಚಲೋ ಮಾಡಿದಿ. ಇನ್ನ ನಿನಗೂ ಕಾಟ ಕೊಡ್ತಾರ. ತಯಾರಿರು.”

ಆ ಚಳಿಗಾಲ ಅವರು ಮಗಳ ಜೊತೆ ದೂರದ ದಕ್ಷಿಣದ ಡನೀಡಿನ್‌ಗೆ ಹೋದರು. ಇಲ್ಲಿ ಕಾಟ ಕೊಟ್ಟರು. ನಾನು ತಯಾರಿದ್ದೆ.