ಸೊನ್ನೆ ತೆಗೆದು ಪ್ಲಸ್ ಹಾಕುವ ಇರ್ಫಾನಾ

ಬೆಳಗಿನ ಐದೂವರೆ. ತಿಕೋಟಾ ಬಸ್ ನಿಲ್ದಾಣದ ಎದುರಿನ ಕಟ್ಟೆಯ ಮೇಲೆ ಇರ್ಫಾನಾ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಮುಂದೆ ಹಾಸಿದ ಟವೆಲ್ ಮೇಲೆ ಹತ್ತೊಂಬತ್ತು ಮೊಬೈಲು. ಮಕ್ಕಾದ ಉಮ್ರಾ ಯಾತ್ರೆಗೆ ಹೊರಟ ಹತ್ತೊಂಬತ್ತು ಜನ ಸುತ್ತ ನಿಂತು ಚಹಾ ಹೀರುತ್ತಾರೆ, ಬುತ್ತಿಗಂಟು ಬಿಗಿಯುತ್ತಾರೆ, ಬೀಳ್ಕೊಡಲು ಬಂದವರನ್ನು ಅಪ್ಪಿಕೊಂಡು ಅಳುತ್ತಾರೆ. ಇರ್ಫಾನಾ ಮಾತ್ರ ತಲೆ ಎತ್ತುವುದಿಲ್ಲ. ಒಂದೊಂದೇ ಫೋನು ಎತ್ತಿ, ಅದರಲ್ಲಿರುವ ಮನೆಯ ನಂಬರಿಗೆ ಕರೆ ಹಚ್ಚಿ, ಆ ಕಡೆ ರಿಂಗಾದದ್ದು ಕೇಳಿದ ಮೇಲೆಯೇ ಕೆಳಗಿಡುತ್ತಾರೆ.

"ಲಗೂ ಮುಗಸ ಬೇ, ಬಸ್ ಬಂತು!" ಗುಂಪಿನಿಂದ ಒಬ್ಬರ ಕೂಗು.

"ಬಸ್ ನಿಂದರತೈತ್ರಿ. ಅಲ್ಲಿ ಹೋದಮ್ಯಾಲ ಫೋನ್ ಹತ್ತಲಿಲ್ಲಂದ್ರ ಯಾರನ್ನ ಕೇಳ್ತೀರಿ?"

ಎಲ್ಲರೂ ಮತ್ತೆ ಚಹಾದ ಕಡೆ ತಿರುಗುತ್ತಾರೆ.

ನಲವತ್ಮೂರರ ಇರ್ಫಾನಾ ನಿಲ್ದಾಣದ ಪಕ್ಕ ಒಂದು ಕಪಾಟಿನಷ್ಟಗಲದ ಮೊಬೈಲ್ ಅಂಗಡಿ ನಡೆಸುತ್ತಾರೆ. ಬೋರ್ಡಿನಲ್ಲಿ ರೀಚಾರ್ಜ್, ಕವರ್, ಚಾರ್ಜರ್ ಎಂದಷ್ಟೇ ಇದೆ. ಆದರೆ ಬಬಲೇಶ್ವರ, ಸಾರವಾಡ, ಕಾಖಂಡಕಿಯಿಂದ ಜನ ಬಸ್ಸು ಹತ್ತಿ ಬರುವುದು ಬೇರೆಯದೇ ಕೆಲಸಕ್ಕೆ. ಪರದೇಶದ ನಂಬರನ್ನು ಫೋನಿನಲ್ಲಿ ಸರಿಯಾಗಿ ಉಳಿಸಿಕೊಡಬೇಕು, ಒತ್ತಿದರೆ ಹತ್ತಬೇಕು. ದಿನಕ್ಕೆ ಇಪ್ಪತ್ತೈದು ಫೋನು, ಶುಕ್ರವಾರ ನಲವತ್ತು ದಾಟುತ್ತದೆ. ಸೌದಿಗೆ 966, ದುಬೈಗೆ 971, ಮಸ್ಕತ್‌ಗೆ 968 ಎಂದು ಮಗ್ಗಿ ಒಪ್ಪಿಸಿದಂತೆ ಒಪ್ಪಿಸುತ್ತಾರೆ. ಅಲ್ಲಿ ಹೋಗಿ ಸಿಮ್ ಬದಲಿಸಿದರೂ ನಂಬರು ಕಳೆಯದಂತೆ ಫೋನಿನಲ್ಲೇ ಉಳಿಸುತ್ತಾರೆ. ಯಾತ್ರೆಗೆ ಹೊರಟವರಿಂದ ಬಿಡಿಗಾಸೂ ಮುಟ್ಟುವುದಿಲ್ಲ.

ಅದಕ್ಕೊಂದು ಕಾರಣವಿದೆ. ಕಾರಣದ ಹೆಸರು ಪೀರಾಂಬಿ.

ಹತ್ತನೇ ಇಯತ್ತೆ ಮುಗಿಸಿ ಇರ್ಫಾನಾ ವಿಜಯಪುರದ ಒಂದು ಎಸ್‌ಟಿಡಿ ಬೂತಿನಲ್ಲಿ ಕೆಲಸಕ್ಕೆ ಸೇರಿದ್ದರು. ಮಹಾರಾಷ್ಟ್ರ ಗಡಿಯ ಜನ ಇಲ್ಲಿಯವರು. ಅರ್ಧ ಬೀಗಸ್ತನ ಸೊಲ್ಲಾಪುರ, ಸಾಂಗ್ಲಿಯಲ್ಲೇ. ಆ ಕಡೆಯ ಮೊಬೈಲಿಗೆ ಮೊದಲು ಸೊನ್ನೆ ಒತ್ತಿದರೇ ಕರೆ ಹೋಗುತ್ತಿದ್ದ ಕಾಲ ಅದು. ಕೈಗೆ ಅದೇ ರೂಢಿ ಬಿತ್ತು. ಬೂತು ಮುಚ್ಚಿತು, ನಾಲ್ಕು ವರ್ಷ ಸೀರೆಗೆ ಫಾಲ್ ಹಚ್ಚಿ ಹೊಟ್ಟೆ ಹೊರೆದರು, ಆಮೇಲೆ ಈ ಅಂಗಡಿ ಇಟ್ಟರು. ಸೊನ್ನೆ ಮಾತ್ರ ಬಿಡಲಿಲ್ಲ. ಯಾರದೇ ನಂಬರಿರಲಿ, ಮುಂದೊಂದು ಸೊನ್ನೆ ಜಡಿದೇ ಉಳಿಸುವುದು.

ಎಂಟು ವರ್ಷದ ಹಿಂದೆ ನೆರೆಮನೆಯ ಪೀರಾಂಬಿ ಗಂಡ ಗೈಬುಸಾಬರೊಂದಿಗೆ ಮಕ್ಕಾಕ್ಕೆ ಹೊರಟಾಗ ಇಬ್ಬರಿಗೂ ಇದ್ದ ಒಂದೇ ಫೋನು ತಯಾರು ಮಾಡಿದ್ದು ಇರ್ಫಾನಾ ಅವರೇ. ಅಲ್ಲಿ ಜನಜಂಗುಳಿಯಲ್ಲಿ ಪೀರಾಂಬಿ ಗಂಡನ ಕೈ ತಪ್ಪಿ ಒಂಟಿಯಾದರು. ಮನೆಗೆ ಫೋನು ಒತ್ತಿದರು. ಹತ್ತಲಿಲ್ಲ. ಅಂಕಿ ಬಿಟ್ಟರೆ ಓದು ಬಾರದ, ಅಲ್ಲಿನ ಭಾಷೆ ಬಾರದ ಹೆಂಗಸು ಬೆಳಗಿನಿಂದ ಸಂಜೆಯ ತನಕ ಒಬ್ಬರೇ ಅಲೆದರು. ಕೊನೆಗೆ ಹೈದರಾಬಾದಿನ ಯಾತ್ರಿಕರು ಕೈಹಿಡಿದು ಕೋಣೆ ಮುಟ್ಟಿಸಿದರು.

"ಖಾಲಾ ಊರಿಗೆ ಬಂದು, ನಲವತ್ತು ಸಲ ಒತ್ತೀನಿ ಅಂದ್ರು. ಖಜೂರ ಕೊಟ್ರು, ಜಮ್‌ಜಮ್ ನೀರ ಕೊಟ್ರು, ಒಂದ ಮಾತ ಬೈಲಿಲ್ರಿ," ಎನ್ನುತ್ತಾರೆ ಇರ್ಫಾನಾ. "ಬೈದಿದ್ರ ಹಗರ ಆಗ್ತಿತ್ತು."

ತಪ್ಪು ಎಲ್ಲಿದೆ ಎಂದು ವಿಜಯಪುರದ ಅಂಗಡಿ ಅಂಗಡಿ ತಿರುಗಿದರು. ಕಡೆಗೆ ಹೇಳಿಕೊಟ್ಟವರು ದುಬೈಗೆ ಒಣದ್ರಾಕ್ಷಿ ಕಳಿಸುವ ಬಬಲೇಶ್ವರದ ಬಸಗೊಂಡಪ್ಪ. "ಆ ಸೊನ್ನೆ ನಮ್ಮ ದೇಶದಾಗಷ್ಟ ನಡಿತೈತಿ ತಂಗಿ. ಹೊರಗಿಂದ ಹಚ್ಚಬೇಕಂದ್ರ ಸೊನ್ನೆ ತೆಗಿ, ಪ್ಲಸ್ ಹಾಕು, ತೊಂಬತ್ತೊಂದು ಹಾಕು, ಆಮ್ಯಾಲ ನಂಬರ. ಇಲ್ಲಿಂದಾನೂ ಹತ್ತತೈತಿ, ಅಲ್ಲಿಂದಾನೂ ಹತ್ತತೈತಿ."

ಇಷ್ಟೇನಾ! ಇಷ್ಟಕ್ಕೇ ಒಂದು ಜೀವ ದಿನವಿಡೀ ಪರದಾಡಿತೇ! ಅಂದಿನಿಂದ ಇರ್ಫಾನಾ ಮನೆ ಮನೆಗೆ ಹೋಗಿ, ತಾವೇ ಹಾಕಿದ್ದ ಸೊನ್ನೆಗಳನ್ನು ತಾವೇ ಕಿತ್ತರು. ಅರವತ್ತೆರಡು ಮನೆ. ಕೆಲವರು ನಕ್ಕರು, ಒಬ್ಬರು ಬಾಗಿಲೇ ತೆರೆಯಲಿಲ್ಲ. ಈ ಹೆಣ್ಣುಮಗಳು ಬಿಟ್ಟರೆ ತಾನೇ.

ಆದರೆ ಪೀರಾಂಬಿ ಮತ್ತೆ ಆ ಕಡೆ ಕಾಲಿಡುವುದಿಲ್ಲ ಎಂದುಬಿಟ್ಟಿದ್ದರು. ಎರಡು ವರ್ಷದ ಹಿಂದೆ ಗೈಬುಸಾಬ ತೀರಿಕೊಂಡರು. ಅವರ ಹೆಸರಲ್ಲಿ ಒಂದು ಉಮ್ರಾ ಮಾಡಬೇಕೆಂಬ ಆಸೆ ಒಂದು ಕಡೆ, ಅಂದಿನ ಅಂಜಿಕೆ ಇನ್ನೊಂದು ಕಡೆ. ಆಸೆ ಗೆದ್ದಿದೆ. ಅದಕ್ಕೇ ಈ ಬೆಳಗು ಕಟ್ಟೆಯ ಮೇಲಿನ ಕೊನೆಯ ಫೋನು ಅವರದು. ಗುಂಡಿ ಒತ್ತುವ ಹಳೆಯ ಫೋನು. ಎರಡರ ಗುಂಡಿಯ ಮೇಲೆ ಕೆಂಪು ನೇಲ್ ಪಾಲಿಶಿನ ಬೊಟ್ಟು. ಒತ್ತಿ ಹಿಡಿದರೆ ಸಾಕು, ಮಗ ಆರಿಫನಿಗೆ ಹೋಗುತ್ತದೆ.

"ಒತ್ರಿ ಖಾಲಾ."

ಬಾಜೂಕ್ಕೆ ನಿಂತ ಆರಿಫನ ಕಿಸೆಯಲ್ಲಿ ಫೋನು ಬಡಿದುಕೊಳ್ಳುತ್ತದೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಪೀರಾಂಬಿ ಮಾತ್ರ ನಗುವುದಿಲ್ಲ. "ಅಂವ ಇಲ್ಲೇ ನಿಂತಾನ, ಹತ್ತದ ಏನ್ ಮಾಡತೈತಿ? ಅಲ್ಲಿಂದ ಹತ್ತಬೇಕವ್ವಾ."

ಬಸ್ಸು ಹೊರಡುತ್ತದೆ. ಆ ಮಾತು ಇರ್ಫಾನಾ ಅವರ ಎದೆಯಲ್ಲಿ ಮುಳ್ಳಿನಂತೆ ಉಳಿಯುತ್ತದೆ. ಐದು ದಿನ ಫೋನು ಕೈಯಿಂದ ಕೆಳಗಿಡುವುದಿಲ್ಲ.

ಆರನೆಯ ದಿನ ಶುಕ್ರವಾರ, ಅಂಗಡಿ ಮುಂದೆ ಜನವೋ ಜನ. ಆರಿಫ ಓಡಿ ಬರುತ್ತಾನೆ. "ಅಕ್ಕಾ, ಅವ್ವ ಮತ್ತ ತಪ್ಪಿಸ್ಕೊಂಡಿದ್ಳು! ಎರಡು ಒತ್ಯಾಳ, ನನಗ ಹತ್ತೇತಿ! ನಾ ಇಲ್ಲಿಂದ ಗುಂಪಿನವರಿಗೆ ಹೇಳೀನಿ. ಕಾಲ್ ತಾಸಿನ್ಯಾಗ ಸಿಕ್ಕಾಳ!"

ಇರ್ಫಾನಾ ಕೌಂಟರಿಗೆ ಹಣೆ ಹಚ್ಚಿ ಅಳುತ್ತಾರೆ, ನಗುತ್ತಾರೆ, ಎರಡೂ ಒಟ್ಟಿಗೇ. ಅಷ್ಟರಲ್ಲಿ ಅವರದೇ ಫೋನು ರಿಂಗಾಗುತ್ತದೆ. ಪೀರಾಂಬಿ!

"ಏ ಇರ್ಫಾನಾ, ಇಲ್ಲಿ ನಮ್ಮ ಕಡೀ ಹೆಣಮಗಳೊಬ್ಬಾಕಿ ಅಳಾಕತ್ತಾಳ, ಮನಿಗೆ ಫೋನ್ ಹತ್ತವಲ್ದಂತ. ಆಕೀ ನಂಬರಿಗೂ ಮುಂದ ಸೊನ್ನೆ ಐತಿ. ನೀ ಹೇಳಿದಂಗ ನಾ ಹೇಳಿಕೊಡ್ಲೇನ?"

"ಹೇಳ್ರಿ ಖಾಲಾ!"

ಸ್ಪೀಕರಿನಲ್ಲಿ ಇಡೀ ಅಂಗಡಿಗೆ ಕೇಳುತ್ತದೆ, ಮಕ್ಕಾದಲ್ಲಿ ಪೀರಾಂಬಿ ಪಾಠ ಮಾಡುವುದು: "ಸೊನ್ನೆ ತೆಗಿ. ಪ್ಲಸ್ ಹಾಕು. ತೊಂಬತ್ತೊಂದು. ಹಾಂ, ಈಗ ಹಚ್ಚು." ಗುಂಡಿ ಒತ್ತುವ ಸದ್ದು. ಆಮೇಲೆ ಆ ಅಪರಿಚಿತ ಹೆಣ್ಣುಮಗಳ ಕೂಗು: "ಯಪ್ಪಾ, ಹತ್ತಿತು!"

ಇರ್ಫಾನಾ ಕಣ್ಣೊರೆಸಿಕೊಂಡು ಮುಂದಿನ ಗಿರಾಕಿಯ ಫೋನು ಕೈಗೆತ್ತಿಕೊಳ್ಳುತ್ತಾರೆ. ನಿಮಗೇನು ಆಸೆ ಎಂದರೆ ನಾಚುತ್ತಾರೆ.

"ನಾ ಸೊಲ್ಲಾಪುರ ದಾಟಿಲ್ರಿ. ಒಮ್ಮೆ ಮಕ್ಕಾದಿಂದ ತಿಕೋಟಾಕ್ಕ ಫೋನ್ ಹಚ್ಚಬೇಕು. ಹತ್ತತೈತಿ, ಗೊತ್ತೈತಿ. ಆದ್ರೂ ನಾನ ಒಮ್ಮೆ ಹಚ್ಚಬೇಕು."